ಪೋಲಿಷ್ ಅಂಗಡಿಯಲ್ಲಿ ಸಸ್ಯಾಹಾರಿಗಳು ಏನು ತಗೋಬಹುದು? ಹೋಗಿ ಬಂದವರು ಹೇಳಿ

ಲಿಂಕನ್‌ಶೈರ್ ಲಲಿತೆ
ಎಲ್ಲರಿಗೂ ನಮಸ್ಕಾರ. ಮನೆಯವರ ಕೆಲಸದ ಸಲುವಾಗಿ ಲಿಂಕನ್‌ಶೈರಿನ ಬಾಸ್ಟನ್‌ಗೆ ಬಂದಿದ್ದೇವೆ (ಅಮೆರಿಕದ್ದಲ್ಲ, ಇಂಗ್ಲೆಂಡಿನದು). ಇಂಡಿಯನ್ ಸಾಮಾನು ಬೇಕು ಅಂದ್ರೆ ಪೀಟರ್‌ಬರೋಗೆ ಓಡಬೇಕು. ಇಲ್ಲಿನ ಸೂಪರ್‌ಮಾರ್ಕೆಟ್‌ನ 'ವರ್ಲ್ಡ್ ಫುಡ್' ಸಾಲಲ್ಲಿ ಹಪ್ಪಳ, ಕರಿ ಪೇಸ್ಟು, ಅಷ್ಟೇ. ಆದರೆ ವೆಸ್ಟ್ ಸ್ಟ್ರೀಟ್ ಕಡೆ ಹೋದರೆ ಸಾಲಾಗಿ ಪೋಲಿಷ್, ಲಿಥುವೇನಿಯನ್, ರೊಮೇನಿಯನ್ ಅಂಗಡಿಗಳು. ಕಿಟಕಿ ಗಾಜಿಗೆಲ್ಲ ಟೊಮೇಟೊ, ಬ್ರೆಡ್ಡು, ಸಾಸೇಜಿನ ದೊಡ್ಡ ಪೋಸ್ಟರ್ ಅಂಟಿಸಿರ್ತಾರೆ. ಒಳಗೆ ಏನಿದೆ ಅಂತ ಕಾಣೋದೇ ಇಲ್ಲ. ಒಮ್ಮೆ ಬಾಗಿಲು ತಳ್ಳಿ ಇಣುಕಿದೆ, ಎದುರಿಗೇ ಮಾಂಸದ ಕೌಂಟರ್. ವಾಪಸ್ ಬಂದೆ.

ನಾವು ಸಸ್ಯಾಹಾರಿಗಳು, ಮಗ ಮಾತ್ರ ಮೊಟ್ಟೆ ತಿಂತಾನೆ. ಅಲ್ಲಿ ನಮಗೆ ಬೇಕಾಗಿದ್ದು ಏನಾದ್ರೂ ಸಿಗುತ್ತಾ? ಸುಮ್ನೆ ಟೈಮ್ ವೇಸ್ಟಾ?

ಬಡಪಾಯಿ ಬ್ರಹ್ಮಚಾರಿ
ಒಳಗೆ ನುಗ್ಗಿ ಅಕ್ಕ. ಯಾರೂ ಕಚ್ಚೋದಿಲ್ಲ.

ಹುಳಿಮಜ್ಜಿಗೆ
ಟೈಮ್ ವೇಸ್ಟ್ ಅಲ್ಲವೇ ಅಲ್ಲ. ಮಾಂಸದ ಕೌಂಟರ್ ದಾಟಿ ಸೀದಾ ಹಾಲು-ಮೊಸರಿನ ಫ್ರಿಜ್ ಹತ್ತಿರ ಹೋಗಿ. ಇಂಗ್ಲಿಷ್ ಸೂಪರ್‌ಮಾರ್ಕೆಟ್‌ನಲ್ಲಿ ಮಜ್ಜಿಗೆ ಅಂತ ಸಿಗೋದು ಪುಟಾಣಿ ಡಬ್ಬಿ, ಕೇಕಿಗೆ ಹಾಕೋಕೆ ಅಂತ. ಪೋಲಿಷ್ ಅಂಗಡಿಯಲ್ಲಿ ಮಾಶ್ಲಾಂಕಾ ಅಂತ ಲೀಟರ್‌ಗಟ್ಟಲೆ ಇರುತ್ತೆ. ಅದೇ ಮಜ್ಜಿಗೆ. ಸ್ವಲ್ಪ ದಪ್ಪ, ಚೆನ್ನಾಗಿ ಹುಳಿ. ಉಪ್ಪು, ಇಂಗು, ಶುಂಠಿ ಹಾಕಿದರೆ ನೀರುಮಜ್ಜಿಗೆ ರೆಡಿ. ಮಜ್ಜಿಗೆ ಹುಳಿಗೂ ಆಗುತ್ತೆ, ಕಡಲೆಬೇಳೆ-ಕಾಯಿ ರುಬ್ಬಿದ್ದು ಹಾಕಿ, ಕೊತಕೊತ ಕುದಿಸಬೇಡಿ ಅಷ್ಟೇ.

ಪಕ್ಕದಲ್ಲೇ ಕೆಫಿರ್. ಅದರಲ್ಲಿ ಬ್ಯಾಕ್ಟೀರಿಯಾ ಜೊತೆ ಯೀಸ್ಟೂ ಇರುತ್ತೆ, ನಾಲಿಗೆ ಮೇಲೆ ಸ್ವಲ್ಪ ಚುರುಗುಟ್ಟುತ್ತೆ. ಮೊಸರನ್ನಕ್ಕೆ ನಮ್ಮನೆಯಲ್ಲಿ ಯಾರಿಗೂ ಹಿಡಿಸಲಿಲ್ಲ. ಜ್‌ಶಾದ್ವೆ ಮ್ಲೆಕೊ ಅಂತ ಇನ್ನೊಂದಿದೆ, ಹೆಪ್ಪುಗಟ್ಟಿದ ಹುಳಿ ಹಾಲು. ಮೊಸರನ್ನಕ್ಕೆ ಅದು ತಗೊಳ್ಳಿ. ಶ್ಮೆತಾನಾ ಅಂದ್ರೆ ಕೆನೆ. 18, 30 ಅಂತ ಡಬ್ಬಿ ಮೇಲೆ ಬರೆದಿರುತ್ತೆ, ಅದು ಕೊಬ್ಬಿನ ಶೇಕಡಾ.

ಆಮೇಲೆ ತ್ವಾರುಗ್. ಬಿಳಿ ಗಿಣ್ಣು. ಪನೀರ್ ಬದಲಿಗೆ ಬಳಸಬಹುದು, ರೇಟೂ ಕಡಿಮೆ.

ಕ್ರಾಕೋವ್ ಕನ್ನಡಿಗ
ಮೇಲಿನವರು ಹೇಳಿದ್ದೆಲ್ಲ ಸರಿ, ಕೊನೆಯ ಸಾಲು ಬಿಟ್ಟು. ತ್ವಾರುಗ್ ಪನೀರ್ ಅಲ್ಲ. ಪನೀರಿಗೆ ಬಿಸಿ ಹಾಲಿಗೆ ನಿಂಬೆರಸ ಹಾಕಿ ಒಡೆಸಿ, ಮೇಲೆ ಭಾರ ಇಟ್ಟು ಒತ್ತುತ್ತಾರೆ. ತ್ವಾರುಗ್‌ಗೆ ಮೊದಲು ಹಾಲು ತಾನಾಗಿ ಹುಳಿಯಾಗಬೇಕು, ಆಮೇಲೆ ಸಣ್ಣ ಬಿಸಿ, ಆಮೇಲೆ ಬಟ್ಟೆಯಲ್ಲಿ ಸೋಸೋದು. ಅದಕ್ಕೇ ಹುಳಿ ಇರುತ್ತೆ, ಪುಡಿಪುಡಿಯಾಗುತ್ತೆ. ಪಾಲಕ್ ಪನೀರಿಗೆ ಹಾಕಿದರೆ ಗ್ರೇವಿಯಲ್ಲೇ ಕರಗಿಹೋಗುತ್ತೆ.

ಪೋಲಿಷ್ ಅಂಗಡಿಗೆ ಹೋಗಿ ಪನೀರ್ ಹುಡುಕೋದು ದರ್ಶಿನಿಗೆ ಹೋಗಿ ಪಿಜ್ಜಾ ಕೇಳಿದ ಹಾಗೆ. ಅವರು ಹೇಗೆ ತಿಂತಾರೋ ಹಾಗೆ ಒಮ್ಮೆ ತಿಂದು ನೋಡಿ. ಪೋಜ್ನಾನ್ ಕಡೆ ತ್ವಾರುಗ್‌ಗೆ ಶ್ಮೆತಾನಾ, ಹೆಚ್ಚಿದ ಈರುಳ್ಳಿಸೊಪ್ಪು, ಮೂಲಂಗಿ, ಉಪ್ಪು, ಮೆಣಸಿನಪುಡಿ ಕಲಸಿ ಬೇಯಿಸಿದ ಆಲೂಗಡ್ಡೆ ಜೊತೆ ತಿಂತಾರೆ. ಸಂಪೂರ್ಣ ಸಸ್ಯಾಹಾರಿ. ಹತ್ತು ನಿಮಿಷದ ಕೆಲಸ.

ಹುಳಿಮಜ್ಜಿಗೆ
ನಾನು ಬುರ್ಜಿ, ಪರೋಟ ಹೂರಣ ಅಂತ ಹೇಳೋಕೆ ಹೊರಟಿದ್ದೆ. ಅದಕ್ಕಂತೂ ಸೂಪರ್. ಕೊಬ್ಬು ಜಾಸ್ತಿ ಇರೋದು ತಗೊಳ್ಳಿ, 'ತ್ವುಸ್ತಿ' ಅಂತ ಇರುತ್ತೆ. ಕೊಬ್ಬಿಲ್ಲದ್ದು ಬಾಯಲ್ಲಿ ಸುಣ್ಣ.

ಧಾರವಾಡ ಪೇಢೆ
ಕ್ರಾಕೋವ್ ಅವರೇ, ನಮ್ಮವರು ಎಲ್ಲೇ ಹೋದರೂ ಮೊದಲು ಹುಡುಕೋದು ನಮ್ಮೂರ ಸಾಮಾನಿಗೆ ಬದಲಿ ಏನಿದೆ ಅಂತಲೇ. ಅದರಲ್ಲಿ ತಪ್ಪೇನ್ರೀ? ಹೊಟ್ಟೆ ತುಂಬಿದ ಮೇಲೆ ಅಲ್ವಾ ಹೊಸ ರುಚಿ ನೋಡೋ ಆಸೆ ಬರೋದು?

ಕ್ರಾಕೋವ್ ಕನ್ನಡಿಗ
ತಪ್ಪು ಅನ್ನಲಿಲ್ಲ. ಬದಲಿ ಅಂತ ತಂದರೆ ಯಾವಾಗಲೂ 'ನಮ್ಮದರಷ್ಟು ಚೆನ್ನಾಗಿಲ್ಲ' ಅಂತ ಅನಿಸುತ್ತೆ. ಎರಡನೇ ಸಲ ತರೋದಿಲ್ಲ.

ಸಬ್ಬಸಿಗೆ
ಅಯ್ಯೋ ಮುಖ್ಯವಾದದ್ದೇ ಯಾರೂ ಹೇಳಿಲ್ಲ! ಸಬ್ಬಸಿಗೆ ಸೊಪ್ಪು! ಪೋಲಿಷರಿಗೆ ಸಬ್ಬಸಿಗೆ ಇಲ್ಲದೆ ದಿನ ಹೋಗೋದಿಲ್ಲ. ಆಲೂಗಡ್ಡೆ ಮೇಲೆ, ಸೌತೆಕಾಯಿ ಮೇಲೆ, ಸೂಪಿನ ಮೇಲೆ, ಎಲ್ಲದರ ಮೇಲೂ. ಕೊಪೆರೆಕ್ ಅಂತ ಕೇಳಿ. ಸೂಪರ್‌ಮಾರ್ಕೆಟ್‌ನಲ್ಲಿ ಪ್ಲಾಸ್ಟಿಕ್ ಡಬ್ಬಿಯೊಳಗೆ ನಾಲ್ಕು ಕಡ್ಡಿ ಇಟ್ಟು ಮಾರ್ತಾರಲ್ಲ, ಇಲ್ಲಿ ದೊಡ್ಡ ಕಟ್ಟು. ಅಕ್ಕಿ ರೊಟ್ಟಿ, ನುಚ್ಚಿನುಂಡೆ, ಬೇಳೆ ಜೊತೆ ಹುಳಿ, ಎಲ್ಲ ಆಯ್ತು ನಮ್ಮನೆಯಲ್ಲಿ. ನಮ್ಮೂರದ್ದಕ್ಕಿಂತ ಘಮ ಸ್ವಲ್ಪ ಮೆತ್ತಗೆ, ಹಾಗಾಗಿ ಒಂದು ಹಿಡಿ ಜಾಸ್ತಿ ಹಾಕಿ.

ಲಿಂಕನ್‌ಶೈರ್ ಲಲಿತೆ
ಸಬ್ಬಸಿಗೆ ಸಿಗುತ್ತೆ ಅಂದ್ರೆ ನಾಳೆಯೇ ಹೋಗ್ತೀನಿ!! ಆದರೆ ಪ್ಯಾಕೆಟ್ ಮೇಲಿನದ್ದು ಓದೋದು ಹೇಗೆ? ಎಲ್ಲ ಪೋಲಿಷ್ ಅಲ್ವಾ?

ಡಬ್ಲಿನ್ ದ್ಯಾವಪ್ಪ
ಕಾನೂನು ಪ್ರಕಾರ ಬ್ರಿಟನ್ನಿನಲ್ಲಿ ಮಾರೋ ಪ್ಯಾಕೆಟ್ ಮೇಲೆ ಇಂಗ್ಲಿಷ್‌ನಲ್ಲೂ ವಿವರ ಇರಬೇಕು. ಹಿಂದೆ ಒಂದು ಬಿಳಿ ಸ್ಟಿಕ್ಕರ್ ಅಂಟಿಸಿರ್ತಾರೆ. ಇಲ್ಲ ಅಂದ್ರೆ ಫೋನ್ ಕ್ಯಾಮೆರಾ ಅನುವಾದ ಇದ್ದೇ ಇದೆ. ಆದರೂ ಕೆಲವು ಪದ ಬಾಯಿಪಾಠ ಮಾಡಿಕೊಳ್ಳಿ, ಬೇಗ ಕೆಲಸ ಆಗುತ್ತೆ. ವ್ಯೆಪ್ಶೊವಿನಾ ಹಂದಿ, ವೊವೊವಿನಾ ದನ, ಮ್ಯೆಂಸೊ ಅಂದ್ರೆ ಯಾವುದೇ ಮಾಂಸ. ಸ್ಮಾಲೆತ್ಸ್ ಹಂದಿ ಕೊಬ್ಬು. ಬೋಚೆಕ್, ಸ್ಕ್ವಾರ್ಕಿ ಎರಡೂ ಹಂದಿಯ ತುಂಡುಗಳೇ.

ಹುಷಾರಾಗಿರಬೇಕಾದ್ದು ಎರಡು. ಒಂದು, ಫಸೋಲ್ಕಾ ಪೊ ಬ್ರೆತೋನ್ಸ್ಕು ಅಂತ ಗಾಜಿನ ಬಾಟಲಿ, ಡಬ್ಬಿ ಎರಡರಲ್ಲೂ ಬರುತ್ತೆ. ಚಿತ್ರದಲ್ಲಿ ಚೆಂದದ ಹುರುಳಿಕಾಯಿ ಬೀಜ, ಟೊಮೇಟೊ ರಸ. ಒಳಗೆ ಸಾಸೇಜ್ ತುಂಡು ಇರುತ್ತೆ. ಎರಡು, ಕಿಶೆಲ್ ಮತ್ತು ಗಲಾರೆತ್ಕಾ ಅನ್ನೋ ಸಿಹಿ ಮಾಡೋ ಪುಡಿಗಳು. ಎರಡೂ ಒಂದೇ ಶೆಲ್ಫ್, ಒಂದೇ ಅಳತೆಯ ಪ್ಯಾಕೆಟ್, ಎರಡರ ಮೇಲೂ ಸ್ಟ್ರಾಬೆರಿ ಚಿತ್ರ. ಕಿಶೆಲ್ ಆಲೂಗಡ್ಡೆ ಪಿಷ್ಟದ್ದು, ನಮಗೆ ನಡೆಯುತ್ತೆ. ಗಲಾರೆತ್ಕಾದಲ್ಲಿ ಜೆಲಟಿನ್, ಅಂದ್ರೆ ಪ್ರಾಣಿಗಳ ಚರ್ಮ-ಮೂಳೆಯಿಂದ ತೆಗೆದದ್ದು.

ಬಡಪಾಯಿ ಬ್ರಹ್ಮಚಾರಿ
ಪಿರೋಗಿ, ಅದೇ ಅವರ ಕಡುಬು, ಅದರ ಬಗ್ಗೆ ಯಾರೂ ಮಾತಾಡ್ತಿಲ್ಲ, ಆಶ್ಚರ್ಯ. ನನ್ನ ಎಂಎಸ್ಸಿ ಮುಗಿದಿದ್ದೇ ಪಿರೋಗಿ ರುಸ್ಕಿಯೆ ಮೇಲೆ. ಒಳಗೆ ಆಲೂಗಡ್ಡೆ, ತ್ವಾರುಗ್, ಈರುಳ್ಳಿ. ಕುದಿಯೋ ನೀರಿಗೆ ಹಾಕು, ತೇಲಿದ ಮೇಲೆ ತೆಗಿ, ತವಾ ಮೇಲೆ ಬೆಣ್ಣೆ ಹಾಕಿ ಕೆಂಪಗೆ ಮಾಡು. ಮೇಲೆ ಚಟ್ನಿಪುಡಿ. ರಾತ್ರಿ ಊಟ ಮುಗೀತು.

ಕ್ರಾಕೋವ್ ಕನ್ನಡಿಗ
ಚಟ್ನಿಪುಡಿ 😐

ರುಸ್ಕಿಯೆ ಸರಿ, ಆದರೆ ಕೆಲವು ಕಂಪನಿಯವರು ಒಳಗಿನ ಈರುಳ್ಳಿಯನ್ನ ಹಂದಿ ಕೊಬ್ಬಲ್ಲಿ ಹುರಿದಿರ್ತಾರೆ. ಹಿಂದೆ ಓದಿ. ಎಲೆಕೋಸು-ಅಣಬೆ ಹೂರಣದ್ದೂ ಚೆನ್ನಾಗಿರುತ್ತೆ. ಡಿಸೆಂಬರ್‌ನಲ್ಲಿ ಹೋದರೆ ಸಸ್ಯಾಹಾರಿಗಳಿಗೆ ಹಬ್ಬ. ಡಿಸೆಂಬರ್ 24ರ ರಾತ್ರಿ ಊಟಕ್ಕೆ, ವಿಗಿಲಿಯಾ ಅಂತಾರೆ, ಸಂಪ್ರದಾಯದ ಮನೆಗಳಲ್ಲಿ ಮಾಂಸ ಮುಟ್ಟೋದಿಲ್ಲ. ಹನ್ನೆರಡು ಬಗೆ ಅಡುಗೆ. ಮೀನು ಇರುತ್ತೆ, ಅದನ್ನ ಬಿಟ್ಟರೆ ಬೀಟ್‌ರೂಟ್ ಸಾರು, ಅದರೊಳಗೆ ಅಣಬೆ ತುಂಬಿದ ಪುಟ್ಟ ಪುಟ್ಟ ಕಡುಬು, ಎಲೆಕೋಸು, ಗಸಗಸೆ ಸಿಹಿ. ಆ ತಿಂಗಳು ಅಂಗಡಿಯಲ್ಲಿ ಒಣ ಕಾಡು ಅಣಬೆ ದಾರಕ್ಕೆ ಪೋಣಿಸಿ ನೇತುಹಾಕಿರ್ತಾರೆ. ವಾಸನೆಗೇ ಅರ್ಧ ಹೊಟ್ಟೆ ತುಂಬುತ್ತೆ.

ಫೆಬ್ರವರಿ ಸುಮಾರಿಗೆ 'ಕೊಬ್ಬಿನ ಗುರುವಾರ' ಬರುತ್ತೆ, ಊರೆಲ್ಲ ಪೊಂಚ್ಕಿ ಅನ್ನೋ ಡೋನಟ್ ತಿಂತಾರೆ. ಗುಲಾಬಿ ಜಾಮ್ ಒಳಗೆ. ಮನಸ್ಸು ತಡೆದುಕೊಳ್ಳಿ, ಸಾಂಪ್ರದಾಯಿಕವಾಗಿ ಹಂದಿ ಕೊಬ್ಬಲ್ಲೇ ಕರಿಯೋದು. ಕೇಳಿಯೇ ತಗೊಳ್ಳಿ.

ಧಾರವಾಡ ಪೇಢೆ
ಗಸಗಸೆ ಅಂದ್ರಲ್ಲ, ಗಸಗಸೆ ಪಾಯಸಕ್ಕೆ ಆಗುತ್ತಾ?

ಸಬ್ಬಸಿಗೆ
ಆಗುತ್ತೆ, ಆದರೆ ಅವರದ್ದು ನೀಲಿ ಗಸಗಸೆ. ಪಾಯಸ ಬೂದಿ ಬಣ್ಣ ಬರುತ್ತೆ, ಮಕ್ಕಳು ಮುಖ ತಿರುಗಿಸ್ತಾರೆ. ಅವರು ಅದನ್ನ ಬಿಸಿ ಹಾಲಲ್ಲೋ ನೀರಲ್ಲೋ ನೆನೆಸಿ, ಎರಡು ಮೂರು ಸಲ ರುಬ್ಬಿ, ಜೇನು-ದ್ರಾಕ್ಷಿ ಹಾಕಿ ಮಕೋವ್ಯೆತ್ಸ್ ಅಂತ ಸುರುಳಿ ಕೇಕ್ ಮಾಡ್ತಾರೆ. ರುಬ್ಬಿದ್ದೇ ಡಬ್ಬಿಯಲ್ಲೂ ಸಿಗುತ್ತೆ. ಆ ಡಬ್ಬಿ ತಂದು ಹೋಳಿಗೆಗೆ ಹೂರಣವಾಗಿ ತುಂಬಿದ್ದೇನೆ ನಾನು. ಹೊಗಳಿಕೊಳ್ಳೋದಲ್ಲ, ಸಕ್ಕತ್ತಾಗಿತ್ತು.

ದುಬೈ ದೋಸ್ತ್
ಈ ಎಳೆ ಓದುತ್ತಿರೋ ಗಲ್ಫ್ ಬಳಗಕ್ಕೆ ಒಂದು ಮಾತು. ಗಸಗಸೆ ಯುಎಇಗೆ ತರಲೇಬೇಡಿ. ಇಲ್ಲಿ ನಿಷೇಧ. ಆ ಕೇಕ್ ಕೂಡ ಸೂಟ್‌ಕೇಸಲ್ಲಿ ಹಾಕಬೇಡಿ. ತಮಾಷೆ ಅಲ್ಲ.

ಹುಳಿಮಜ್ಜಿಗೆ
ಧಾನ್ಯದ ಸಾಲು ನೋಡಿ ಲಲಿತಾ ಅವರೇ, ಅಲ್ಲೇ ಇರೋದು ಮಜಾ. ಕಾಶಾ ಅಂತ ಬರೆದಿರೋದೆಲ್ಲ ಒಂದೇ ಅಲ್ಲ. ಕಾಶಾ ಮಾನ್ನಾ ಅಂದ್ರೆ ಗೋಧಿ ರವೆ. ಕಾಶಾ ಯಾಗ್ಲಾನಾ ಅಂದ್ರೆ ಬರಗು! ನಮ್ಮ ಸಿರಿಧಾನ್ಯ ಬರಗು. 2023ರಲ್ಲಿ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷ ಅಂತ ನಾವೆಲ್ಲ ಕುಣಿದಾಡಿದ್ವಿ, ಇವರ ಮನೆಯಲ್ಲಿ ಅದು ಸದ್ದಿಲ್ಲದೆ ಬೆಳಗಿನ ಗಂಜಿ. ಅಡುಗೆಗೆ ಮುಂಚೆ ಬಿಸಿನೀರಲ್ಲಿ ಎರಡು ಸಲ ತೊಳೀರಿ, ಇಲ್ಲಾಂದ್ರೆ ಕಹಿ ಬರುತ್ತೆ. ಬಿಸಿಬೇಳೆಬಾತ್ ಚೆನ್ನಾಗಾಗುತ್ತೆ.

ಕಾಶಾ ಗ್ರಿಚಾನಾ ಬಕ್‌ವೀಟ್. ಹುರಿದದ್ದು ಕಂದು, ಹುರಿಯದ್ದು ಬಿಳಿ-ಹಸಿರು. 100 ಗ್ರಾಮಿನ ಚೀಲಗಳು ಒಂದು ಡಬ್ಬಿಯಲ್ಲಿ ನಾಲ್ಕು ಇರುತ್ತೆ, ಚೀಲ ಸಮೇತ ಕುದಿಯೋ ನೀರಿಗೆ ಹಾಕೋದು.

ಧಾರವಾಡ ಪೇಢೆ
ಕಾಶಾ ಮಾನ್ನಾದಲ್ಲಿ ಉಪ್ಪಿಟ್ಟು ಮಾಡಿದ್ದೀರಾ? ನಮ್ಮನೆಯಲ್ಲಿ ಅಂಟಿನ ಥರ ಆಯ್ತು.

ಹುಳಿಮಜ್ಜಿಗೆ
ತುಂಬ ಸಣ್ಣ ರವೆ ಅದು. ಉಪ್ಪಿಟ್ಟಿಗೆ ಬೇಡ. ಕೇಸರಿಬಾತ್, ರವೆ ದೋಸೆ.

ಸಬ್ಬಸಿಗೆ
ಬಕ್‌ವೀಟ್ ಧಾನ್ಯ ಅಲ್ಲವಂತೆ, ಹುಲ್ಲಿನ ಜಾತಿಯೇ ಅಲ್ಲವಂತೆ. ಉತ್ತರದವರು ವ್ರತಕ್ಕೆ ಅದೇ ಹಿಟ್ಟಿನ ಪೂರಿ ಮಾಡ್ತಾರಲ್ಲ. ಹಾಗಾದ್ರೆ ಏಕಾದಶಿಗೆ ನಡೆಯುತ್ತಾ?

ಉಡುಪಿ ಉಪವಾಸ
ನಮ್ಮಲ್ಲಿ ಏಕಾದಶಿ ಅಂದ್ರೆ ನೀರೂ ಇಲ್ಲ. ನೀವು ಕೇಳ್ತಿರೋದು ಫಲಾಹಾರದ ಲೆಕ್ಕ.

ಸಬ್ಬಸಿಗೆ
ನಮ್ಮಲ್ಲಿ ಅವಲಕ್ಕಿ, ಉಪ್ಪಿಟ್ಟು, ಕಾಫಿ ಎಲ್ಲ ನಡೆಯುತ್ತೆ ಸ್ವಾಮಿ 😄

ನಿರ್ವಾಹಕ
ಏಕಾದಶಿಗೆ ಬೇರೆ ಎಳೆ ಇದೆ. ಅಂಗಡಿಗೆ ವಾಪಸ್ ಬನ್ನಿ.

ಹಳೇ ಲೆಸ್ಟರ್
ನಾನು ಈ ದೇಶಕ್ಕೆ ಬಂದಾಗ ನಿಮ್ಮಲ್ಲಿ ಬಹಳ ಜನ ಹುಟ್ಟಿರಲಿಲ್ಲ, ಅದಕ್ಕೇ ಎರಡು ಮಾತು ಜಾಸ್ತಿ ಹೇಳ್ತೀನಿ. ಪೋಲಿಷರು ಇಲ್ಲಿಗೆ 2004ರಲ್ಲಿ ಮಾತ್ರ ಬಂದವರಲ್ಲ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ ಪರವಾಗಿ ಹೋರಾಡಿದ ಪೋಲಿಷ್ ಸೈನಿಕರು ಊರಿಗೆ ಹೋಗೋಕೆ ಆಗದೆ ಇಲ್ಲೇ ಉಳಿದರು. ಅವರಿಗೆ ಅಂತಲೇ 1947ರಲ್ಲಿ ಒಂದು ಕಾಯ್ದೆ ಬಂತು. ಲಂಡನ್ನಿನ ಈಲಿಂಗ್, ಹ್ಯಾಮರ್‌ಸ್ಮಿತ್ ಕಡೆ ಅವರ ಅಂಗಡಿ ಆಗಲೇ ಇದ್ದವು. ಅಲ್ಲಿಗೆ ಪೋಲಿಷರು ಬಿಟ್ಟರೆ ಬೇರೆಯವರು ಹೋಗ್ತಿದ್ದದ್ದು ಕಡಿಮೆ.

2004ರ ಮೇ 1ಕ್ಕೆ ಪೋಲೆಂಡ್ ಯುರೋಪಿಯನ್ ಒಕ್ಕೂಟ ಸೇರಿತು. ಹಳೇ ಸದಸ್ಯ ದೇಶಗಳಲ್ಲಿ ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ಮೊದಲ ದಿನದಿಂದಲೇ ಕೆಲಸಕ್ಕೆ ಬಾಗಿಲು ತೆರೆದವು. 2011ರ ಜನಗಣತಿ ಹೊತ್ತಿಗೆ ಇಂಗ್ಲೆಂಡ್-ವೇಲ್ಸ್‌ನಲ್ಲಿ ಇಂಗ್ಲಿಷ್ ಬಿಟ್ಟರೆ ಜಾಸ್ತಿ ಜನರ ಮುಖ್ಯ ಭಾಷೆ ಪೋಲಿಷ್, ಸುಮಾರು 5 ಲಕ್ಷ 46 ಸಾವಿರ ಜನ. ಇಷ್ಟು ಜನ ಬಂದ ಮೇಲೆ ಅಂಗಡಿ ಬರದೇ ಇರುತ್ತಾ?

ನಮ್ಮ ಲೆಸ್ಟರ್‌ನಲ್ಲೂ ಇದೇ ಕಥೆ. 1972ರಲ್ಲಿ ಉಗಾಂಡಾದಿಂದ ಓಡಿಸಿದ ಗುಜರಾತಿಗಳು ಬಂದು ಅಂಗಡಿ ಇಟ್ಟರು. ಮೊದಮೊದಲು ಇಂಗ್ಲಿಷರು ಮೂಗು ಮುಚ್ಚಿಕೊಂಡು ಆಚೆ ಬದಿಯಲ್ಲಿ ಹೋಗ್ತಿದ್ದರು. ಈಗ ಅವರೇ ಬಂದು 'ಮೇಥಿ ಫ್ರೆಶ್ ಇದೆಯಾ' ಅಂತ ಕೇಳ್ತಾರೆ.

ಬಾಸ್ಟನ್ ಬಸ್ಸು
ನಾನೂ ಬಾಸ್ಟನ್‌ನಲ್ಲೇ ಇರೋದು. ಇಲ್ಲಿ ಅಷ್ಟು ಸಲೀಸಾಗಿಲ್ಲ ಸರ್. 2016ರಲ್ಲಿ ಬ್ರೆಕ್ಸಿಟ್ ಪರ ಶೇ. 75.6 ಮತ ಹಾಕಿದ ಊರು ಇದು, ಇಡೀ ದೇಶದಲ್ಲೇ ಜಾಸ್ತಿ. ಸುತ್ತಮುತ್ತ ಹೊಲದಲ್ಲಿ ಕೋಸು, ಹೂಕೋಸು ಕೊಯ್ಯೋದು, ಪ್ಯಾಕ್ ಮಾಡೋದು ಎಲ್ಲ ಪೂರ್ವ ಯುರೋಪಿನವರೇ. ನನ್ನ ಜೊತೆ ಕೆಲಸ ಮಾಡೋ ಇಂಗ್ಲಿಷ್ ಮಹಿಳೆ ಒಬ್ಬಳು 'ಆ ಬೀದಿಗೆ ನಾನು ಹೋಗೋದೇ ಇಲ್ಲ' ಅಂತಾಳೆ. ಅವಳ ಗಂಡ ಮಾತ್ರ ಶನಿವಾರ ಹೋಗಿ ಹೊಗೆ ಹಿಡಿಸಿದ ಮೀನು, ರೈ ಅನ್ನೋ ಧಾನ್ಯದ ಬ್ರೆಡ್ಡು ತರ್ತಾನೆ. ಅವಳು ತಿಂತಾಳೆ!

ಬಡಪಾಯಿ ಬ್ರಹ್ಮಚಾರಿ
ವೋಟು ಒಂದು ಕಡೆ, ಹೊಟ್ಟೆ ಇನ್ನೊಂದು ಕಡೆ.

ಉಡುಪಿ ಉಪವಾಸ
ಅದು ಹಾಗಲ್ಲ. ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಸಿಗದೆ, ಬಾಡಿಗೆ ಏರಿ, ಊರೇ ಬದಲಾಯ್ತು ಅಂತ ಅನಿಸಿದವರ ಸಿಟ್ಟಿಗೂ ಕಾರಣ ಇದೆ. ಬೆಂಗಳೂರಲ್ಲಿ ನಾವು ಆಡೋ ಮಾತು ನೆನಪಿದೆಯಾ? ನಾವೇನು ಕಡಿಮೆಯಾ?

ನಿರ್ವಾಹಕ
ರಾಜಕೀಯ ಇಲ್ಲಿಗೆ ಸಾಕು. ನಿಜವಾಗಲೂ ಸಾಕು.

ಕಳಲೆ
ಬೆಂಗಳೂರು ಅಂದಿದ್ದಕ್ಕೆ ಒಂದು ಮಾತು. ಕಮ್ಮನಹಳ್ಳಿ, ಈಜಿಪುರದ ಕಡೆ ಈಶಾನ್ಯ ರಾಜ್ಯದವರ ಪುಟ್ಟ ಪುಟ್ಟ ಅಂಗಡಿಗಳಿವೆ. ನಮ್ಮ ಜನ ಎಷ್ಟು ಮಂದಿ ಒಳಗೆ ಕಾಲಿಟ್ಟಿದ್ದಾರೆ? ನಾನು ಶಿವಮೊಗ್ಗದವಳು, ಮಳೆಗಾಲದಲ್ಲಿ ಕಳಲೆ ಇಲ್ಲದೆ ಆಗೋದಿಲ್ಲ. ನಮ್ಮಲ್ಲಿ ಹೆಚ್ಚಿ, ದಿನಾ ನೀರು ಬದಲಿಸಿ ನೆನೆಸಿ, ಆಮೇಲೆ ಪಲ್ಯ. ಅವರ ಅಂಗಡಿಯಲ್ಲಿ ಹುಳಿ ಬರಿಸಿದ ಕಳಲೆ ಬಾಟಲಿಯಲ್ಲಿ ಸಿಗುತ್ತೆ. ವಾಸನೆ ಜೋರು. ಅಂಗಡಿ ಹುಡುಗಿ ಮೊದಲು ಅನುಮಾನದಿಂದ ನೋಡಿದಳು, 'ನಮ್ಮಲ್ಲೂ ಕಳಲೆ ತಿಂತೀವಿ' ಅಂದ ಮೇಲೆ ಅರ್ಧ ಗಂಟೆ ಮಾತಾಡಿದಳು. ನಾಗಾಗಳ ಅಖುನಿನೂ ತೋರಿಸಿದಳು, ಹುಳಿ ಬರಿಸಿದ ಸೋಯಾ. ಅದನ್ನ ಫ್ಲಾಟಲ್ಲಿ ಬೇಯಿಸಿದರೆ ಓನರ್ ಜಗಳಕ್ಕೆ ಬರ್ತಾರಂತೆ.

ಕುಶಾಲನಗರದವರು 1961ರಿಂದ ಬೈಲಕುಪ್ಪೆಯ ಟಿಬೆಟನ್ನರ ನೆರೆಹೊರೆ. ಅಲ್ಲಿ ಚುರ್ಪಿ ಗಿಣ್ಣು, ಬಾರ್ಲಿ ಹುರಿಹಿಟ್ಟು ಸಿಗುತ್ತೆ. ಟೂರಿಸ್ಟುಗಳು ಚಿನ್ನದ ಬುದ್ಧನ ಮುಂದೆ ಫೋಟೊ ತೆಗೆಸಿಕೊಂಡು, ಮೋಮೊ ತಿಂದು ವಾಪಸ್.

ಧಾರವಾಡ ಪೇಢೆ
ಮೋಮೊ ಬಿಟ್ಟು ಬೇರೆ ಏನಿದೆ ಅಂತ ಯಾರಾದ್ರೂ ಹೇಳಿದ್ರೆ ಅಲ್ವಾ ತಿನ್ನೋದು.

ಡಬ್ಲಿನ್ ದ್ಯಾವಪ್ಪ
ಐರ್ಲೆಂಡಿನಲ್ಲಿ ಗಲಾಟೆ ಕಡಿಮೆ. 2011ರ ಜನಗಣತಿಯಲ್ಲಿ ಪೋಲಿಷರು 1,22,585, ಹೊರಗಿನವರಲ್ಲಿ ಅವರೇ ನಂಬರ್ ಒನ್. ಸಣ್ಣ ಊರಲ್ಲೂ ಒಂದು ಪೋಲಿಷ್ ಅಂಗಡಿ ಇರುತ್ತೆ. ನಮ್ಮ ಪಕ್ಕದ ಮನೆಯ ಐರಿಷ್ ಅಜ್ಜ ಅಲ್ಲಿಗೆ ಹೋಗೋದು ಬ್ರೆಡ್ಡಿಗೆ. ಇಡೀ ಬ್ರೆಡ್ ತಗೊಂಡು ಕೌಂಟರಿನಲ್ಲಿ ಕೊಟ್ಟರೆ ಮಷೀನಲ್ಲಿ ಕತ್ತರಿಸಿ ಕೊಡ್ತಾರೆ. ಅದರ ಸದ್ದು ಕೇಳೋಕೇ ಹೋಗ್ತಾನೇನೋ ಅಂತ ನನಗೆ ಅನುಮಾನ.

ಇನ್ನೊಂದು ವಿಷಯ. ಬ್ರಿಟನ್ನಿನಲ್ಲಿ 'ಪೋಲ್‌ಸ್ಕಿ ಸ್ಕ್ಲೆಪ್' (ಪೋಲಿಷ್ ಅಂಗಡಿ) ಅಂತ ಬೋರ್ಡ್ ಇದ್ದರೂ ಎಷ್ಟೋ ಕಡೆ ಯಜಮಾನರು ಕುರ್ದರು. ಅದಕ್ಕೇ ಒಂದೇ ಅಂಗಡಿಯಲ್ಲಿ ಪೋಲಿಷ್ ಉಪ್ಪಿನಕಾಯಿ, ಟರ್ಕಿಯ ಬಲ್ಗರ್ ಗೋಧಿ ನುಚ್ಚು, ಐರಾನ್ ಮಜ್ಜಿಗೆ, ರೊಮೇನಿಯಾದ ಜಾಕುಸ್ಕಾ ಎಲ್ಲ ಸಿಗೋದು.

ಸಬ್ಬಸಿಗೆ
ಜಾಕುಸ್ಕಾ! ಸುಟ್ಟ ಬದನೆ, ಕೆಂಪು ದೊಣ್ಣೆಮೆಣಸು, ಟೊಮೇಟೊ, ಎಣ್ಣೆ. ಹಸಿಮೆಣಸು ಕುಟ್ಟಿ ಹಾಕಿ ಸಾಸಿವೆ ಒಗ್ಗರಣೆ ಕೊಟ್ಟರೆ ಅಪ್ಪಟ ಬದನೆಕಾಯಿ ಎಣ್ಣೆಗೊಜ್ಜು. ಚಪಾತಿಗೆ ಬೇರೆ ಏನೂ ಬೇಡ. ಮೀನು ಹಾಕಿದ್ದೂ ಬರುತ್ತೆ, ಬಾಟಲಿ ಮೇಲೆ ಚಿತ್ರ ನೋಡಿ.

ಧಾರವಾಡ ಪೇಢೆ
ಅಲ್ಲೇ ಮಲಾಯ್ ಅಂತ ಗೊಂಜಾಳದ ಹಿಟ್ಟೂ ಇರುತ್ತೆ. ರೊಟ್ಟಿ ತಟ್ಟೋಕೆ ಹೋಗಬೇಡಿ, ರವೆ ರವೆ. ರೊಮೇನಿಯಾದವರು ಅದನ್ನ ಮುದ್ದೆ ಥರ ತಿರುವಿ ಗಿಣ್ಣು ಜೊತೆ ತಿಂತಾರೆ. ಹುಳಿಸೊಪ್ಪು ಜೊತೆಗೂ ನಡೀತು.

ಹುಳಿಮಜ್ಜಿಗೆ
ಉಪ್ಪಿನಕಾಯಿ ಅಂದಿದ್ದಕ್ಕೆ: ಸೌತೆಕಾಯಿದು ಎರಡು ಥರ. 'ಕಿಶೋನೆ' ಅಂದ್ರೆ ಉಪ್ಪುನೀರಲ್ಲಿ ತಾನಾಗಿ ಹುಳಿ ಬಂದದ್ದು. ನೀರು ಮಬ್ಬು, ಒಳಗೆ ಸಬ್ಬಸಿಗೆ ಹೂವಿನ ಕಡ್ಡಿ, ಬೆಳ್ಳುಳ್ಳಿ. 'ಕೊನ್ಸೆರ್ವೊವೆ' ವಿನೆಗರ್ ಹಾಕಿದ್ದು, ನೀರು ತಿಳಿ, ಸಿಹಿ ಸಿಹಿ. ಮೊದಲನೇದು ತಗೊಳ್ಳಿ. ಆ ನೀರನ್ನ ಚೆಲ್ಲಬೇಡಿ, ಅವರು ಅದರಲ್ಲೇ ಸೂಪ್ ಮಾಡ್ತಾರೆ.

ಲಿಂಕನ್‌ಶೈರ್ ಲಲಿತೆ
ಹೋಗಿ ಬಂದೆ! ಸಬ್ಬಸಿಗೆ ಎರಡು ಕಟ್ಟು, ಮಾಶ್ಲಾಂಕಾ, ಬರಗು, ಕಿಶೋನೆ ಸೌತೆಕಾಯಿ, ಮಗನಿಗೆ ಪಿರೋಗಿ. ಕೌಂಟರಿನಲ್ಲಿದ್ದ ಹೆಂಗಸು ಪಿರೋಗಿ ಪ್ಯಾಕೆಟ್ ತಾನೇ ತಿರುಗಿಸಿ ಓದಿ, ಒಂದನ್ನ ವಾಪಸ್ ಇಟ್ಟು ಇನ್ನೊಂದು ಕೊಟ್ಟಳು. ಜೊತೆಗೆ ಝುರೆಕ್ ಅಂತ ಒಂದು ಬಾಟಲಿನೂ ಕೈಗಿಟ್ಟಳು, 'ವೆಜಿಟೇರಿಯನ್, ಓಕೆ' ಅಂತ. ಒಳಗೆ ಬಿಳಿ ಗಂಜಿ ಥರ ಇದೆ, ತಳದಲ್ಲಿ ಹಿಟ್ಟು ಕೂತಿದೆ. ಮುಚ್ಚಳ ತೆಗೆದ್ರೆ ಹುಳಿ ವಾಸನೆ. ಇದನ್ನ ಏನು ಮಾಡೋದು?

ಕ್ರಾಕೋವ್ ಕನ್ನಡಿಗ
ಅದೃಷ್ಟವಂತರು. ರೈ ಹಿಟ್ಟನ್ನ ನೀರಲ್ಲಿ ಕಲಸಿ ನಾಲ್ಕೈದು ದಿನ ಹುಳಿ ಬರಿಸಿದ್ದು ಅದು. ಚೆನ್ನಾಗಿ ಅಲ್ಲಾಡಿಸಿ. ಅವರು ಬಿಳಿ ಸಾಸೇಜ್ ಹಾಕ್ತಾರೆ, ನಿಮಗೆ ಬೇಡ. ಒಣ ಅಣಬೆ ನೆನೆಸಿ ಆ ನೀರಲ್ಲೇ ಆಲೂಗಡ್ಡೆ, ಕ್ಯಾರೆಟ್ ಬೇಯಿಸಿ. ಬೆಂದ ಮೇಲೆ ಬಾಟಲಿಯದ್ದನ್ನ ಸ್ವಲ್ಪ ಸ್ವಲ್ಪವೇ ಸುರಿದು ತಿರುವಿ, ಹುಳಿ ನೋಡಿಕೊಂಡು ನಿಲ್ಲಿಸಿ. ಬೆಳ್ಳುಳ್ಳಿ ಜಜ್ಜಿ ಹಾಕಿ, ಒಣ ಮಾರ್ಜೋರಮ್ ಎಲೆ ಕೈಯಲ್ಲಿ ಉಜ್ಜಿ ಹಾಕಿ, ಒಂದು ಕುದಿ ಬಂದ ಮೇಲೆ ಕೊನೆಗೆ ಶ್ಮೆತಾನಾ. ಮಗನಿಗೆ ಬೇಯಿಸಿದ ಮೊಟ್ಟೆ ಸೀಳಿ ಹಾಕಿ. ರೈ ಬ್ರೆಡ್ ಜೊತೆ ಬಿಸಿಬಿಸಿ.

ಬಡಪಾಯಿ ಬ್ರಹ್ಮಚಾರಿ
ಇದಕ್ಕೆ ಒಗ್ಗರಣೆ ಹಾಕಬಹುದಾ?

ಕ್ರಾಕೋವ್ ಕನ್ನಡಿಗ
ಹಾಕಿ. ನನಗೆ ಮಾತ್ರ ಹೇಳಬೇಡಿ.

ಹುಳಿಮಜ್ಜಿಗೆ
ಇಂಗು ಸ್ವಲ್ಪ ಜಾಸ್ತಿ ಇರಲಿ.